ಇಲ್ಲದ ಬೋರ್ಡಿನ ಸುಖ

ನಮ್ಮ ಮನೆಯ ಊಟದ ಮೇಜಿಗೆ ನನ್ನಿಂದ ಬಿಡುಗಡೆ ಸಿಕ್ಕಿದ್ದು ಇಡೀ ಯಂತ್ರವನ್ನೇ ಸಾಫ್ಟ್‌ವೇರಿನಲ್ಲಿ ಅನುಕರಿಸುವ ಕ್ಯೂಎಮು ಎಂಬ ಎಮ್ಯುಲೇಟರಿನ ಕೃಪೆಯಿಂದ. ಮೊದಲೆಲ್ಲ ಅಲ್ಲಿ ಬೋರ್ಡುಗಳು, ಜಂಪರ್ ವೈರುಗಳು, ಯಾವುದಕ್ಕೆ ಯಾವುದೆಂದು ಬ್ರಹ್ಮನಿಗೂ ತಿಳಿಯದ ಅಡಾಪ್ಟರುಗಳು. ಉಪ್ಪಿನಕಾಯಿ ಭರಣಿಗೆ ಜಾಗ ಕೇಳಿದರೆ "ಮುಟ್ಟಬೇಡಿ, ಸ್ಟ್ಯಾಟಿಕ್ ಹೊಡೆಯುತ್ತೆ" ಎಂದು ಮಹಾವಿಜ್ಞಾನಿಯ ಹಾಗೆ ಗದರುತ್ತಿದ್ದೆ. ಈಗ ಬೋರ್ಡೇ ಇಲ್ಲ. "ಮತ್ತೆ ಯಾವುದಕ್ಕೆ ಡ್ರೈವರ್ ಬರೀತೀರಿ?" ಎಂದು ಮನೆಯಾಕೆ ಕೇಳಿದಳು. "ಇಲ್ಲದ ಬೋರ್ಡಿಗೆ" ಎಂದೆ. ಸಂಬಳವಾದರೂ ಇದೆ ತಾನೇ ಎಂದು ಖಚಿತಪಡಿಸಿಕೊಂಡು ಒಳಗೆ ಹೋದಳು.

ಸುಳ್ಳೇನಲ್ಲ ಸ್ವಾಮಿ. ಕ್ಯೂಎಮುವಿನಲ್ಲಿ 'ವರ್ಟ್' ಎಂಬ ಆರ್ಮ್ ಬೋರ್ಡಿದೆ. ಯಾವ ಕಾರ್ಖಾನೆಯಲ್ಲೂ ಹುಟ್ಟಿದ್ದಲ್ಲ. ಆದರೂ ಅದಕ್ಕೊಂದು ಸೀರಿಯಲ್ ಪೋರ್ಟು, ಟೈಮರು ಎಲ್ಲ ಉಂಟು. ಕರ್ನೆಲ್ಲಿಗೆ ಬೇಕಾದ ಡಿವೈಸ್ ಟ್ರೀಯನ್ನೂ, ಅಂದರೆ ಬೋರ್ಡಿನಲ್ಲಿ ಏನೇನಿದೆ ಎಂಬ ಪಟ್ಟಿಯನ್ನೂ, ತಾನೇ ಹೆಣೆದು ಕೈಗಿಡುತ್ತದೆ. ಈ ಮಾಯಾಲೋಕವನ್ನು 2003ರಲ್ಲಿ ಶುರುಮಾಡಿದವನು ಫ್ರಾನ್ಸಿನ ಫ್ಯಾಬ್ರೀಸ್ ಬೆಲಾರ್. ಇದೇ ಪುಣ್ಯಾತ್ಮ 2009ರಲ್ಲಿ ಒಂದು ಡೆಸ್ಕ್‌ಟಾಪಿನಲ್ಲಿ ಪೈ ಬೆಲೆಯನ್ನು ಸುಮಾರು 2.7 ಲಕ್ಷ ಕೋಟಿ ಅಂಕಿಗಳವರೆಗೆ ಎಳೆದ. ನನಗೆ 3.14ರ ಆಚೆ ಯಾವತ್ತೂ ಕೆಲಸ ಬಿದ್ದಿಲ್ಲ, ಇರಲಿ.

ಕಲಿಯುವವರಿಗಾಗಿ 'ಎಡು' ಎಂಬ ಪಿಸಿಐ ಸಾಧನವೂ ಕ್ಯೂಎಮುವಿನಲ್ಲಿದೆ. ಫ್ಯಾಕ್ಟೋರಿಯಲ್ ಲೆಕ್ಕ ಹಾಕುವುದು ಅದರ ಮುಖ್ಯ ಕಸುಬು. ರಿಜಿಸ್ಟರಿನಲ್ಲಿ 5 ಬರೆಯಿರಿ. ಸ್ಟೇಟಸ್ ಬಿಟ್ ಇಳಿಯುವವರೆಗೆ ಕಾಯಿರಿ. ಅದೇ ರಿಜಿಸ್ಟರ್ ಓದಿದರೆ 120. ಬೇಕಿದ್ದರೆ ಲೆಕ್ಕ ಮುಗಿದಾಗ ಇಂಟರಪ್ಟ್ ಕೊಟ್ಟು ಕರೆಯುತ್ತದೆ. ನಡುವೆ ಕರ್ನೆಲ್ ಪ್ಯಾನಿಕ್ ಆದರೂ ಹೊಗೆಯಿಲ್ಲ, ಸುಟ್ಟ ವಾಸನೆಯಿಲ್ಲ. ಎರಡು ಕೀಲಿ ಒತ್ತಿ ಆಚೆ ಬಂದು ಮತ್ತೆ ಬೂಟ್ ಮಾಡಿದರಾಯಿತು. ಮೊದಲ ಇನ್‌ಸ್ಟ್ರಕ್ಷನ್ನಿಗೂ ಮುಂಚೆ ಪ್ರೊಸೆಸರನ್ನು ತಡೆದು ನಿಲ್ಲಿಸಿ, ಜಿಡಿಬಿ ಎಂಬ ಡೀಬಗ್ಗರಿನಲ್ಲಿ ಹೆಜ್ಜೆಹೆಜ್ಜೆಗೂ ವಿಚಾರಿಸಬಹುದು.

ಆದರೆ ಇಲ್ಲಿ ಬೆಳೆದ ಡ್ರೈವರ್, ಅಜ್ಜಿಮನೆಯಲ್ಲಿ ರಜೆ ಕಳೆದ ಮೊಮ್ಮಗನಂತೆ ತುಸು ಮುದ್ದಿನಲ್ಲಿ ಕೆಟ್ಟಿರುತ್ತದೆ. ಸೀರಿಯಲ್ ಪೋರ್ಟಿನ ವೇಗ, ಅಂದರೆ ಬಾಡ್ ರೇಟ್, ತಪ್ಪಿದ್ದರೂ ಕ್ಯೂಎಮು ಅಕ್ಷರಗಳನ್ನು ಸ್ಫುಟವಾಗಿ ಮುದ್ರಿಸುತ್ತದೆ. ನಿಜವಾದ ಬೋರ್ಡಿನಲ್ಲಾದರೆ ತೆರೆಯ ತುಂಬ ಕಾಗೆಗುಬ್ಬಚ್ಚಿ ಲಿಪಿ. ಇಲ್ಲಿ ಕ್ಲಾಕ್ ಹಚ್ಚದೆ ರಿಜಿಸ್ಟರ್ ಮುಟ್ಟಿದರೂ ಸಾಮಾನ್ಯವಾಗಿ ಉತ್ತರ ಬಂದೀತು. ಅಲ್ಲಿ ಇಡೀ ಯಂತ್ರ ಮೌನವ್ರತ ಹಿಡಿದೀತು. ಕ್ಯಾಶೆ ಮತ್ತು ಡಿಎಂಎ ನಡುವಿನ ಜಗಳವಂತೂ ಈ ಲೋಕದಲ್ಲಿ ಕಿವಿಗೇ ಬೀಳುವುದಿಲ್ಲ.

ಹಾಗೆಂದು ನಾನು ಇದನ್ನು ಬಿಡುವವನಲ್ಲ. ತರ್ಕವೆಲ್ಲ ಇಲ್ಲೇ ಹದವಾದರೆ, ಅಸಲಿ ಬೋರ್ಡು ಕೈಕೊಟ್ಟ ದಿನ "ಕೋಡ್ ಸರಿಯಿದೆ, ನಿಮ್ಮ ಸರ್ಕ್ಯೂಟು ನೋಡಿ" ಎಂದು ಹಾರ್ಡ್‌ವೇರಿನವರಿಗೆ ಎದೆಯುಬ್ಬಿಸಿ ಹೇಳಬಹುದು. ಅವರು ಆಸಿಲೋಸ್ಕೋಪ್ ಹೊತ್ತು ಬರುವಷ್ಟರಲ್ಲಿ ಬಾಡ್ ರೇಟನ್ನು ಮಾತ್ರ ಇನ್ನೊಮ್ಮೆ ಮೆಲ್ಲಗೆ ನೋಡಿಕೊಂಡಿರುವುದು ಕ್ಷೇಮ.