ಅಳತೆರಾಯರ ಏಳು ತೂತು

ಅಮೆರಿಕದ ಯಾವ ಊರಿಗಾದರೂ ಹೋಗಿ. ಗ್ಯಾರೇಜಿನ ಬಾಗಿಲು ಅರ್ಧ ಎತ್ತಿದ್ದು, ಒಳಗೆ ಕಾರು ನಿಲ್ಲಿಸಲು ಮಾತ್ರ ಜಾಗವಿಲ್ಲ ಎಂದರೆ ಅಲ್ಲಿ ಇವರಿದ್ದಾರೆ ಎಂದೇ ತಿಳಿಯಿರಿ. ಹೆಸರು ಬಾಬ್ ಇರಬಹುದು, ಜಿಮ್ ಇರಬಹುದು. ನಮ್ಮ ಅನುಕೂಲಕ್ಕೆ ಅಳತೆರಾಯರು ಅನ್ನೋಣ. ವಯಸ್ಸು ಅರವತ್ತು ದಾಟಿದೆ, ನೌಕರಿ ಮುಗಿದಿದೆ, ಕಿವಿಯ ಮೇಲೆ ಪೆನ್ಸಿಲ್, ಹಣೆಗೆ ಭೂತಗನ್ನಡಿಯ ಪಟ್ಟಿ. ರಾಯರಿಗೆ ರಿವಾಲ್ವರಿನ ಹುಚ್ಚು ಎಂದು ಬೀದಿಯವರೆಲ್ಲ ನಂಬಿದ್ದಾರೆ. ರಿವಾಲ್ವರು ಬರೀ ನೆಪ. ರಾಯರ ಜೀವ ಇರುವುದು ಅದರ ತೂತುಗಳಲ್ಲಿ.

ಆರು ಗುಂಡಿನ ರಿವಾಲ್ವರಿನಲ್ಲಿ ಅಳೆಯುವಂಥ ತೂತು ಏಳು. ಸಿಲಿಂಡರಿನಲ್ಲಿ ಆರು ಚೇಂಬರು, ಅದರ ಮುಂದೆ ಒಂದು ನಳಿಗೆ. ಪ್ರತಿ ಚೇಂಬರೂ ಮುಂಭಾಗದಲ್ಲಿ ಕಿರಿದಾಗುತ್ತದೆ; ಅದನ್ನು ಗಂಟಲು ಅನ್ನುತ್ತಾರೆ. ಗುಂಡು ಗಂಟಲು ದಾಟಿಯೇ ನಳಿಗೆಗೆ ನುಗ್ಗಬೇಕು. ಗಂಟಲು ಬಿಗಿಯಾಗಿದ್ದರೆ ಸೀಸದ ಗುಂಡು ಅಲ್ಲೇ ಸವೆದು ಸಣ್ಣಗಾಗುತ್ತದೆ, ನಳಿಗೆಯಲ್ಲಿ ಸಡಿಲವಾಗುತ್ತದೆ, ಪಕ್ಕದಿಂದ ಬಿಸಿ ಅನಿಲ ನುಸುಳಿ ನಳಿಗೆಯ ತುಂಬ ಸೀಸ ಮೆತ್ತಿಕೊಳ್ಳುತ್ತದೆ, ಗುರಿ ಎತ್ತಲೋ ಹೋಗುತ್ತದೆ. ಇದಿಷ್ಟೂ ನಿಜ. ರಾಯರ ಹುಚ್ಚಿಗೆ ಶಾಸ್ತ್ರಾಧಾರವಿದೆ. ಅದೇ ಅವರ ಹೆಂಡತಿಗಿರುವ ಕಷ್ಟ.

ಗಂಟಲನ್ನು ಅಳೆಯುವುದು ಹೇಗೆ? ಹೆಸರನ್ನು ನೆಚ್ಚುವಂತಿಲ್ಲ. .38 ಸ್ಪೆಷಲ್ ಅನ್ನುತ್ತಾರೆ, ಸೀಸದ ಗುಂಡು 0.358 ಇಂಚು. .44 ಮ್ಯಾಗ್ನಮ್ ಅನ್ನುತ್ತಾರೆ, ಗುಂಡು 0.429. ಮದುವೆಗೆ ಬಂದ ಹುಡುಗನ ಸಂಬಳದ ಹಾಗೆ, ಹೇಳುವುದೊಂದು, ಕೈಗೆ ಬರುವುದೊಂದು. ಕ್ಯಾಲಿಪರನ್ನೂ ನಂಬುವ ಹಾಗಿಲ್ಲ. ಅದರ ಒಳದವಡೆಯ ಅಂಚು ಚಪ್ಪಟೆ, ದುಂಡನೆಯ ಸಣ್ಣ ತೂತಿನಲ್ಲಿ ಇರುವುದಕ್ಕಿಂತ ಕಡಿಮೆಯೇ ತೋರಿಸುತ್ತದೆ. ಉಳಿದದ್ದು ಪಿನ್ ಗೇಜು: ಸಾಣೆ ಹಿಡಿದು ಹೊಳಪಿಟ್ಟ, ಬೆರಳುದ್ದದ ಉಕ್ಕಿನ ಕಡ್ಡಿ. 0.357 ಒಳಗೆ ಹೋಯಿತು, 0.358 ಹೋಗಲಿಲ್ಲ ಎಂದರೆ ತೂತು ಅವೆರಡರ ನಡುವೆ ಎಲ್ಲೋ ಇದೆ. ಕೆಲಸ ಮುಗಿಯಿತು.

ರಾಯರ ಕೆಲಸ ಶುರುವಾಗುವುದೇ ಆಗ.

ಬುದ್ಧಿವಂತರು ಬೇಕಾದ ಅಳತೆಯ ಅಕ್ಕಪಕ್ಕದ ನಾಲ್ಕಾರು ಬಿಡಿ ಪಿನ್ನು ಕೊಂಡು ಸುಮ್ಮನಾಗುತ್ತಾರೆ. ರಾಯರು ಪೆಟ್ಟಿಗೆಯನ್ನೇ ತರಿಸುತ್ತಾರೆ: 0.251ರಿಂದ 0.500 ಇಂಚಿನವರೆಗೆ, ಇಂಚಿನ ಸಾವಿರದಲ್ಲೊಂದು ಭಾಗದಂತೆ ಏರುತ್ತ ಹೋಗುವ 250 ಪಿನ್ನುಗಳು. ಅದರಲ್ಲಿ ಅವರ ರಿವಾಲ್ವರಿಗೆ ಬೇಕಾದವು ಒಂದು ಕೈಯ ಬೆರಳಿನಷ್ಟು. ಉಳಿದವು ತಂತಮ್ಮ ಗುಳಿಯಲ್ಲಿ ಎಣ್ಣೆ ಹಚ್ಚಿಕೊಂಡು, ಕರೆ ಬರದ ವಕೀಲರಂತೆ ಸಾಲಾಗಿ ನಿಂತಿವೆ ಎನ್ನಬಹುದಿತ್ತು. ಆದರೆ ರಾಯರು ವಾರಕ್ಕೊಮ್ಮೆ ಅವನ್ನೂ ಒರೆಸುತ್ತಾರೆ.

ಪೆಟ್ಟಿಗೆ ಬಂದ ಮೇಲೆ ದರ್ಜೆಯ ಚಿಂತೆ. ಅಗ್ಗದ್ದು ಝಡ್‌ಝಡ್, ಇಂಚಿನ ಹತ್ತುಸಾವಿರದಲ್ಲಿ ಎರಡು ಭಾಗದ ಹೆಚ್ಚುಕಡಿಮೆಗೆ ಅದರಲ್ಲಿ ಮಾಫಿ. ರಿವಾಲ್ವರಿನ ಗಂಟಲಿಗೆ ಅದು ಧಾರಾಳ ಸಾಕು. ಎಕ್ಸ್ ದರ್ಜೆಯದಾದರೆ ಮಾಫಿ ಬರೀ 0.00004 ಇಂಚು, ಬೆಲೆಯೂ ಹಾಗೇ. ಆಮೇಲೆ ಮೈನಸ್ಸೋ ಪ್ಲಸ್ಸೋ ಎನ್ನುವ ಜಿಜ್ಞಾಸೆ. ಮೈನಸ್ ಪಿನ್ನು ತನ್ನ ಮೇಲೆ ಬರೆದ ಅಳತೆಯನ್ನು ಎಂದೂ ಮೀರದು, ಕೂದಲೆಳೆ ಕಡಿಮೆಯೇ ಇರುತ್ತದೆ. ಅಷ್ಟೇ ಅಳತೆಯ ತೂತಿಗೆ ಸಲೀಸಾಗಿ ಇಳಿಯುತ್ತದೆ. ಪ್ಲಸ್ ಇದಕ್ಕೆ ತದ್ವಿರುದ್ಧ. ಹೋಗುವುದನ್ನು ನೋಡಲು ಪ್ಲಸ್, ಹೋಗದಿರುವುದನ್ನು ನೋಡಲು ಮೈನಸ್ ಎಂದು ರಾಯರು ತಮಗೆ ತಾವೇ ಹೇಳಿಕೊಂಡು ಎರಡನ್ನೂ ತರಿಸಿದರು. ಆದರೂ 0.357ಕ್ಕೂ 0.358ಕ್ಕೂ ನಡುವೆ ಏನಿದೆ ಎಂಬ ಪ್ರಶ್ನೆ ರಾತ್ರಿಯೆಲ್ಲ ಕಾಡಿತು. ಬೆಳಗಾಗುವುದರೊಳಗೆ 0.3575ಕ್ಕೆ ಆರ್ಡರ್ ಹೋಗಿತ್ತು.

ಪರೀಕ್ಷೆಯ ವಿಧಿ ನೋಡುವಂಥದ್ದು. ಮೊದಲು ರಿವಾಲ್ವರು ಖಾಲಿ ಇದೆಯೇ ಎಂದು ಎರಡು ಸಲ ನೋಡುತ್ತಾರೆ. ಈ ಒಂದು ವಿಷಯದಲ್ಲಿ ಅವರನ್ನು ನೋಡಿ ನಗುವಂತಿಲ್ಲ. ಸಿಲಿಂಡರನ್ನು ಬಿಚ್ಚಿ, ಹಿತ್ತಾಳೆ ಬ್ರಷ್ಷಿನಿಂದ ಮಸಿ ತೆಗೆದು, ಬಟ್ಟೆಯಲ್ಲಿ ಒರೆಸಿ, ಮುಂಭಾಗ ಮೇಲಾಗಿ ನಿಲ್ಲಿಸುತ್ತಾರೆ. ಪಿನ್ನನ್ನು ಎರಡು ಬೆರಳಲ್ಲಿ ಹಿಡಿದು ಗಂಟಲ ಮೇಲೆ ನೆಟ್ಟಗಿಟ್ಟು ಬಿಡುತ್ತಾರೆ. ಒತ್ತುವ ಹಾಗಿಲ್ಲ, ತಿರುಚುವ ಹಾಗಿಲ್ಲ. ತನ್ನ ಭಾರಕ್ಕೆ ತಾನೇ ಇಳಿಯಬೇಕು. ಐದು ಗಂಟಲಲ್ಲಿ 0.358 ಸರ್ರನೆ ಇಳಿಯಿತು. ಆರನೆಯದರಲ್ಲಿ ಬಾಯಲ್ಲೇ ನಿಂತಿತು. ರಾಯರ ಮುಖ ನೋಡಬೇಕು ಆಗ! ತಪ್ಪು ಸಿಕ್ಕಿತು. ಆರನೆಯ ಚೇಂಬರಿನ ಪಕ್ಕ ಕೆಂಪು ಮಾರ್ಕರಿನಿಂದ ಒಂದು ಚುಕ್ಕೆ, ನೋಟ್‌ಬುಕ್ಕಿನಲ್ಲಿ ಒಂದು ಪುಟ.

ನಳಿಗೆಯ ವಿಷಯದಲ್ಲಿ ಪಿನ್ನು ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಒಳಗೆ ಸುರುಳಿಯಾಗಿ ದಿಬ್ಬ-ಕಾಲುವೆ ಕೊರೆದಿರುತ್ತದಲ್ಲ, ಪಿನ್ನಿಗೆ ಸಿಗುವುದು ದಿಬ್ಬ ಮಾತ್ರ. ಕಾಲುವೆಯ ಆಳಕ್ಕೆ ಮೆತ್ತನೆ ಸೀಸದ ಉಂಡೆ ಬಡಿದು ಹೊರಗೆ ತಳ್ಳಿ ಅಳೆಯಬೇಕು. ಸ್ಮಿತ್ ಆಂಡ್ ವೆಸನ್ ಆದರೆ ಕಾಲುವೆ ಐದು. ಒಂದರ ಎದುರಿಗೆ ಇನ್ನೊಂದು ಬರುವುದಿಲ್ಲ, ಮಾಮೂಲಿ ಮೈಕ್ರೋಮೀಟರು ಸೋಲುತ್ತದೆ, ಅದಕ್ಕೆ ವಿ ಆಕಾರದ ಬೇರೆಯದೇ ಬೇಕು. ಇದು ರಾಯರಿಗೆ ದುಃಖದ ಸುದ್ದಿ ಎಂದುಕೊಂಡಿರಾ? ಆದರೆ ನಳಿಗೆಯಲ್ಲೂ ಪಿನ್ನು ಹಿಡಿಯುವ ಒಂದು ರೋಗವಿದೆ. ನಳಿಗೆಯನ್ನು ಫ್ರೇಮಿಗೆ ತಿರುಪಿ ಬಿಗಿಯುವಾಗ ಅತಿ ಬಿಗಿದರೆ ಆ ಜಾಗದಲ್ಲಿ ಒಳಗೆ ಹಿಂಡಿದಂತಾಗುತ್ತದೆ. ಬಾಯಿಯಿಂದ ಬಿಟ್ಟ ಪಿನ್ನು ಉದ್ದಕ್ಕೂ ಜಾರಿಕೊಂಡು ಬಂದು ಸರಿಯಾಗಿ ಫ್ರೇಮಿನ ಬಳಿ ಗಕ್ಕನೆ ನಿಲ್ಲುತ್ತದೆ. ಇದು ಯಾರ ರಿವಾಲ್ವರಿನಲ್ಲಿ ಸಿಕ್ಕರೂ ರಾಯರು ಮಾಲೀಕನ ಬೆನ್ನು ತಟ್ಟಿ ಅಭಿನಂದಿಸುತ್ತಾರೆ.

ನಮ್ಮ ಮಾವನವರು ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಇನ್‌ಸ್ಪೆಕ್ಷನ್ನಿನಲ್ಲಿದ್ದವರು. ಅಮೆರಿಕಕ್ಕೆ ಮಗಳ ಮನೆಗೆ, ಅಂದರೆ ನಮ್ಮ ಮನೆಗೆ, ಬಂದವರಿಗೆ ಹೊತ್ತು ಹೋಗದೆ ಪಕ್ಕದ ಮನೆಯ ರಾಯರ ಗ್ಯಾರೇಜಿಗೆ ಇಣುಕಿದರು. ರಿವಾಲ್ವರನ್ನು ಕಣ್ಣೆತ್ತಿಯೂ ನೋಡಲಿಲ್ಲ. ನೆಟ್ಟಗೆ ಪಿನ್ನಿನ ಪೆಟ್ಟಿಗೆಗೆ ಹೋದರು. ರಾಯರು ಎಕ್ಸ್ ದರ್ಜೆಯ ಪಿನ್ನೊಂದನ್ನು ಮುಷ್ಟಿಯಲ್ಲಿ ಹಿಡಿದು ಅದರ ಗುಣಗಾನ ಮಾಡುತ್ತಿದ್ದರೆ ಮಾವನವರು ನನ್ನ ಕಡೆ ತಿರುಗಿ, "ಕೆಳಗಿಡೋಕೆ ಹೇಳ್ರೀ ಅವರಿಗೆ. ಅಳತೆ ಅನ್ನೋದು ಇಪ್ಪತ್ತು ಡಿಗ್ರೀಲಿ. ಕೈ ಬಿಸಿಗೆ ಹತ್ತು ಡಿಗ್ರಿ ಏರಿದ್ರೆ ಆ ನಾಕು ಎಲ್ಲಿ ಉಳೀತು?" ಎಂದರು. ಲೆಕ್ಕ ಹಾಕಿದರೆ ಅದೇ ಸರಿ: 0.358ರ ಉಕ್ಕು ಅಷ್ಟು ಬಿಸಿಗೆ ಉಬ್ಬುವುದು 0.00004 ಇಂಚು, ದುಬಾರಿ ದುಡ್ಡು ಕೊಟ್ಟು ತಂದ ನಿಖರತೆಯಷ್ಟೂ ಅಂಗೈಯಲ್ಲಿ ಸ್ವಾಹಾ. ರಾಯರು ಪಿನ್ನನ್ನು ಮೆಲ್ಲಗೆ ಕೆಳಗಿಟ್ಟು ಮಾವನವರಿಗೆ ಕುರ್ಚಿ ಎಳೆದು ಕೊಟ್ಟರು. ಆಮೇಲೆ ನನ್ನ ಅನುವಾದ ಇಬ್ಬರಿಗೂ ಬೇಕಾಗಲಿಲ್ಲ. ಸ್ವೀಡನ್ನಿನ ಬಂದೂಕು ಕಾರ್ಖಾನೆಯ ಯೋಹಾನ್ಸನ್ 1896ರಲ್ಲಿ ಗೇಜ್ ಬ್ಲಾಕ್ ಎಂಬ ಅಳತೆಯ ಉಕ್ಕಿನ ತುಂಡುಗಳ ಲೆಕ್ಕ ಹಾಕಿ, ಹೆಂಡತಿಯ ಹೊಲಿಗೆ ಮಿಷನ್ನನ್ನೇ ಮಾರ್ಪಡಿಸಿ ಆ ಬ್ಲಾಕುಗಳನ್ನು ಮನೆಯಲ್ಲಿ ಉಜ್ಜಿದ ಕಥೆಯನ್ನು ಒಬ್ಬರಿಗೊಬ್ಬರು ಹೇಳಿಕೊಂಡರು. ಇಬ್ಬರಿಗೂ ಗೊತ್ತಿದ್ದ ಕಥೆಯೇ. ನಮ್ಮ ಮನೆಯಲ್ಲಿ ಸಾರು ಆರಿತು.

ಇಷ್ಟಕ್ಕೂ ರಾಯರು ಗುಂಡು ಹಾರಿಸುವುದು ಹೇಗೆ? 25 ಗಜದಿಂದ ಊಟದ ತಟ್ಟೆಯಷ್ಟು ಕಾಗದಕ್ಕೆ ಗುರಿಯಿಟ್ಟು, ಕುದುರೆ ಎಳೆಯುವ ಮುಂಚೆಯೇ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚುತ್ತಾರೆ. ಆರರಲ್ಲಿ ಎರಡು ಕಾಗದಕ್ಕೆ ತಗಲುತ್ತವೆ. ಕೆಂಪು ಚುಕ್ಕೆಯ ಚೇಂಬರಿನದು ಹೆಚ್ಚಾಗಿ ತಗಲುತ್ತದೆ ಎಂಬುದನ್ನು ಅವರು ನೋಟ್‌ಬುಕ್ಕಿನಲ್ಲಿ ಬರೆದಿಲ್ಲ.

ಮೊನ್ನೆ ಅವರ ಹೆಂಡತಿ, ಬೆರಳಿನ ಉಂಗುರ ಬಿಗಿಯಾಗುತ್ತಿದೆ, ದೊಡ್ಡದು ಮಾಡಿಸಬೇಕು ಎಂದರಂತೆ. ರಾಯರ ಕಿವಿ ನೆಟ್ಟಗಾಯಿತು. ಅವರ ಪೆಟ್ಟಿಗೆ 0.500ಕ್ಕೇ ನಿಲ್ಲುತ್ತದೆ, ಉಂಗುರಕ್ಕೆ 0.626ರಿಂದ 0.750ರವರೆಗಿನದು ಬೇಕು, ಇನ್ನೂ 125 ಪಿನ್ನು.

"ಅಂಗಡಿಯವನು ಪುಕ್ಕಟೆ ಅಳೆದು ಕೊಡ್ತಾನೆ" ಎಂದರು ಆಕೆ.

"ಕೊಡ್ತಾನೆ, ಕೊಡ್ತಾನೆ" ಎಂದರು ರಾಯರು, ಕ್ಯಾಟಲಾಗಿನ ಪುಟ ತಿರುವುತ್ತ. "ಅವನ ಕಡ್ಡಿ ಯಾವ ದರ್ಜೆಯದು, ಕೇಳಿದೀಯಾ?"