ಮುದ್ದೆ ಅಗಿದವನು

ನಮ್ಮ ಬೇತಮಂಗಲದ ಕಡೆ ಮುದ್ದೆ ಅಗಿಯುವವನಿಗೆ ಹೆಣ್ಣು ಕೊಡಲೂ ಹಿಂದೆ ಮುಂದೆ ನೋಡುತ್ತಾರೆ. ಮುರಿ, ಸಾರಿನಲ್ಲಿ ಹೊರಳಿಸು, ನುಂಗು. ಹಲ್ಲಿಗೆ ಅಲ್ಲಿ ಉದ್ಯೋಗವೇ ಇಲ್ಲ. 46 ವರ್ಷ ಈ ಧರ್ಮವನ್ನು ತಪ್ಪದೆ ಪಾಲಿಸಿ 128 ಕೆ.ಜಿ. ತೂಗಿದ ನನಗೆ, ಬೆಂಗಳೂರಿನಲ್ಲಿ ತೂಕ ಇಳಿಸುವ ಆಪರೇಷನ್ ಆದ ಮೇಲೆ ಆಸ್ಪತ್ರೆಯ ಡಯಟೀಶಿಯನ್ ಮೇಡಂ ಹೇಳಿದ್ದು: "ಸಾರ್, ಒಂದೊಂದು ತುತ್ತನ್ನೂ 25 ಸಲ ಅಗೀಬೇಕು."

ಊರಿಗೆ ಬಂದು ಬೈಪಾಸ್ ಆಯ್ತು ಅಂದರೆ ಎಲ್ಲರೂ ನನ್ನ ಎದೆ ನೋಡುತ್ತಾರೆ. ಎದೆಗಲ್ಲಪ್ಪ, ಹೊಟ್ಟೆಗೆ ಅಂದರೆ ಮುಖ ನೋಡುತ್ತಾರೆ. "ಹಂಗಾದ್ರೆ ಹಳೇ ಹೊಟ್ಟೆ ಎಲ್ಲಿ ಬಿಸಾಕಿದ್ರು?" ಎಂದು ದೊಡ್ಡಮ್ಮ ಕೇಳಿದಳು. ಬಿಸಾಕಿಲ್ಲ ದೊಡ್ಡಮ್ಮ, ಕೆ.ಜಿ.ಎಫ್. ಗಣಿ ಇದ್ದ ಹಾಗೆ ಇದೆ ಎಂದೆ. 2001ರಲ್ಲಿ ಬಾಗಿಲು ಹಾಕಿದ ಗಣಿ ಎಲ್ಲಿಗಾದರೂ ಎದ್ದು ಹೋಯಿತೇ? ಒಳಗೆ ನೀರು ತುಂಬಿಕೊಂಡು ಅಲ್ಲೇ ಬಿದ್ದಿದೆ. ನನ್ನ ಹಳೆಯ ಹೊಟ್ಟೆಯೂ ಹಾಗೇ ಒಳಗೊಳಗೇ ರಸ ಬಿಟ್ಟು ಕೆಳಗಿನ ಕರುಳಿಗೆ ಕಳಿಸುತ್ತಿದೆ. ಊಟ ಮಾತ್ರ ಅದರ ಬಾಗಿಲಿಗೆ ಹೋಗುವುದಿಲ್ಲ. ಊಟಕ್ಕೆಂದು ಉಳಿಸಿರುವುದು ಮೇಲ್ತುದಿಯ ಒಂದು ಪುಟ್ಟ ಚೀಲ, ಹೆಚ್ಚುಕಡಿಮೆ 30 ಮಿ.ಲೀ. ಎರಡು ದೊಡ್ಡ ಚಮಚ ಹಾಕಿದರೆ ಹೌಸ್‌ಫುಲ್!

ಮೊದಮೊದಲು ಬರೀ ತಿಳಿ ನೀರು, ತಿಳಿ ಸಾರು. ಆಚೆ ಈಚೆ ಕಾಣುವಂಥದ್ದನ್ನು ಮಾತ್ರ ಕುಡಿಯಬೇಕಂತೆ. ಬಂಗಾರಪೇಟೆ ಪಾನಿಪುರಿಯ ಪಾನಿಗಿಂತ ತಿಳಿಯಾದದ್ದು ಈ ಭೂಮಿಯ ಮೇಲೆ ಏನಿದೆ, ನೀವೇ ಹೇಳಿ! ಬೇರೆ ಊರಿನ ಪಾನಿ ಹಸಿರು, ನಮ್ಮದು ಕುಡಿಯುವ ನೀರಿನಷ್ಟು ಬಿಳಿ. ಬಾಯಿಗೆ ಬಿದ್ದಾಗಲೇ ಖಾರ ಗೊತ್ತಾಗುವುದು. ಈ ವಾದವನ್ನು ಮೇಡಂ ಮುಂದಿಟ್ಟೆ. ಅವರು ನಗಲಿಲ್ಲ. ನನ್ನ ಹೆಂಡತಿಯ ಫೋನ್ ನಂಬರ್ ಬರೆದುಕೊಂಡರು.

ಆಮೇಲೆ ಗಂಜಿ, ನುಣ್ಣಗೆ ಅರೆದದ್ದು, ಮೆತ್ತಗೆ ಬೇಯಿಸಿದ್ದು ಎಂದು ಎರಡು ತಿಂಗಳು ಮಗುವಿನ ಹಾಗೆ ಬಡ್ತಿ ಪಡೆದೆ. ಬೆಲ್ಲವಿಲ್ಲದ ರಾಗಿ ಅಂಬಲಿ ತಕರಾರಿಲ್ಲದೆ ಇಳಿಯಿತು. ಮುದ್ದೆಯೇ ಫಜೀತಿ. ಅಂಟುವ ಪದಾರ್ಥ ನುಂಗಿದರೆ ಚೀಲದ ಬಾಯಲ್ಲಿ ಸಿಕ್ಕಿಕೊಂಡು ಎದೆ ಹಿಡಿದು ಕೂರಿಸುತ್ತದೆ. ಒಂದು ದಿನ ಗೋಲಿಯಷ್ಟು ಮುರಿದು ಬಾಯಿಗಿಟ್ಟು ಅಗಿಯತೊಡಗಿದೆ. ಒಂದು, ಎರಡು, ಮೂರು... ದೊಡ್ಡಮ್ಮ ಸೌಟು ಕೆಳಗಿಟ್ಟು ನಡುಮನೆಗೆ ಕೇಳುವ ಹಾಗೆ ಕೂಗಿದಳು: "ನೋಡ್ರೇ ಇವನ್ನ, ಮುದ್ದೆ ಅಗೀತಾವ್ನೆ!" ಮನೆಗೆ ಪೊಲೀಸರು ಬಂದಿದ್ದರೂ ಅಷ್ಟು ಜನ ಓಡಿ ಬರುತ್ತಿರಲಿಲ್ಲ.

ಸಿಹಿಯ ಕತೆ ಬೇರೆ. ತಂಗಿ ಮನೆಯ ಗೃಹಪ್ರವೇಶದಲ್ಲಿ, ಭಾವ ಬಲವಂತ ಮಾಡಿದರೆಂದು (ಸುಳ್ಳು, ನಾನೇ ಕೇಳಿ ಹಾಕಿಸಿಕೊಂಡೆ) ನಾಲ್ಕು ಚಮಚ ಪಾಯಸ ತಿಂದೆ. ಕಾಲುಗಂಟೆಯೊಳಗೆ ಬೆವರು ಕಿತ್ತುಕೊಂಡಿತು, ಎದೆ ಡವಡವ, ಹೊಟ್ಟೆಯಲ್ಲಿ ಗುಡುಗು. ಒಬ್ಬರು ಹಾರ್ಟ್ ಅಟ್ಯಾಕ್ ಎಂದರು, ಇನ್ನೊಬ್ಬರು ದೃಷ್ಟಿ ಎಂದು ಮೆಣಸಿನಕಾಯಿ ತಂದರು, ಮೂರನೆಯವರು ಗೋಲಿಸೋಡಾ ಒಡೆದರು. ಸೋಡಾ ನನಗೆ ವರ್ಜ್ಯ, ಆ ಗ್ಯಾಸಿಗೆ ಒಳಗೆ ಜಾಗವೆಲ್ಲಿದೆ? ಹೊಸ ಮನೆಯ ಹೊಸ ಕಕ್ಕಸಿಗೆ ಮೊದಲ ಪೂಜೆ ನನ್ನಿಂದಲೇ ಆಯಿತು.

ಇದಕ್ಕೆ ಡಂಪಿಂಗ್ ಅನ್ನುತ್ತಾರೆ. ನಮ್ಮೂರಿನವರಿಗೆ ಇದನ್ನು ಹೇಳುವುದು ಸುಲಭ. ಪಾಲಾರ್ ನೀರು ಬೇತಮಂಗಲ ಕೆರೆಯಲ್ಲಿ ನಿಂತು, ತೂಬಿನಿಂದ ಅಳತೆಯಾಗಿ ಹೊರಡಬೇಕು. ಹೊಟ್ಟೆಯ ಕೆಳಬಾಯಿಗೂ ಅಂಥ ತೂಬಿದೆ. ಬೈಪಾಸ್‌ನಲ್ಲಿ ಕೆರೆಯನ್ನೂ ತೂಬನ್ನೂ ಬಿಟ್ಟು ನೇರ ಕಾಲುವೆಗೆ ದಾರಿ ಮಾಡಿರುತ್ತಾರೆ. ಸಕ್ಕರೆ ದಡಬಡನೆ ಸಣ್ಣಕರುಳಿಗೆ ಬಿದ್ದು, ಮೈಯ ನೀರನ್ನೆಲ್ಲ ತನ್ನತ್ತ ಎಳೆದುಕೊಳ್ಳುತ್ತದೆ. ಕೆಲವರಿಗೆ ಒಂದೆರಡು ಗಂಟೆ ಬಿಟ್ಟು ರಕ್ತದ ಸಕ್ಕರೆ ಕುಸಿದು ಕೈಕಾಲು ನಡುಗುವುದೂ ಉಂಟು. ಊಟದ ಜೊತೆ ನೀರು ಕುಡಿಯಬೇಡಿ, ಅರ್ಧ ಗಂಟೆ ತಡೆಯಿರಿ ಅನ್ನುವುದಕ್ಕೂ ಒಂದು ಕಾರಣ ಇದೇ. ಇಡೀ ಕೆ.ಜಿ.ಎಫ್.ಗೆ ನೀರು ಕುಡಿಸಿದ ಊರಿನವನು ನಾನು, ತಟ್ಟೆ ಮುಂದೆ ಲೋಟವಿಲ್ಲದೆ ಕೂರುತ್ತೇನೆ.

ಹಾಗೆಂದು ದಿನವೂ ಪ್ರವಾಹವೇನಲ್ಲ. ವಾರಗಟ್ಟಲೆ ಬರಗಾಲವೂ ಬರುತ್ತದೆ. ತಿನ್ನುವುದು ಹಿಡಿಯಷ್ಟು, ಕುಡಿಯುವುದು ಗುಟುಕು ಗುಟುಕು, ಮೇಲೆ ಕಬ್ಬಿಣದ ಮಾತ್ರೆ. ಕಟ್ಟಿಕೊಳ್ಳದೆ ಇನ್ನೇನಾಗುತ್ತದೆ? ಬಿ12, ಕ್ಯಾಲ್ಸಿಯಂ ಎಲ್ಲ ಸಾಯುವ ತನಕ ನುಂಗಬೇಕಂತೆ. ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ ಆಗಿಬರುವುದಿಲ್ಲ, ನಡುವೆ ಎರಡು ಗಂಟೆ ಅಂತರ ಬೇಕು. ನಮ್ಮತ್ತೆ ಮತ್ತು ದೊಡ್ಡಮ್ಮನ ಹಾಗೆ. ಇನ್ನು ಹಾಲು ಕುಡಿದ ದಿನ, ಅವರೆಕಾಳು ತಿಂದ ದಿನ ಮಾರಿಕುಪ್ಪಂ ರೈಲಿನಲ್ಲಿ ನನಗೆ ಕಿಟಕಿ ಪಕ್ಕದ ಸೀಟು ಯಾರೂ ಹೇಳದೆಯೇ ಸಿಗುತ್ತದೆ.

ಎಂಟನೆಯ ತಿಂಗಳಿಗೆ 87 ಕೆ.ಜಿ.ಗೆ ಇಳಿದೆ. ಒಂದೇ ಒಂದು ಪೂರಿ, ಮೆತ್ತಗೆ ಅಗಿದು ತಿನ್ನಬಹುದೆಂದು ಅಪ್ಪಣೆ ಸಿಕ್ಕಿತು. ಬಂಗಾರಪೇಟೆಗೆ ಹೋದೆ. ಪಾನಿಪುರಿಯವನು ಪೂರಿ ಒಡೆದು ಕೊಟ್ಟ. ಬಾಯಿಗಿಟ್ಟು ಕಣ್ಣು ಮುಚ್ಚಿ ಎಣಿಸತೊಡಗಿದೆ. ಹನ್ನೊಂದಕ್ಕೆ ಕಣ್ಣು ಬಿಟ್ಟರೆ ಅವನು ಎರಡನೆಯದನ್ನು ಕೈಯಲ್ಲಿ ಹಿಡಿದೇ ನಿಂತಿದ್ದ, ಪಾನಿ ಮೊಣಕೈ ತನಕ ಸೋರುತ್ತಿತ್ತು.

"ಏನಣ್ಣ, ಹಲ್ಲುನೋವಾ?" ಎಂದ.

ನಾನು ಹದಿನಾಲ್ಕರಲ್ಲಿದ್ದೆ. ಉತ್ತರ ಕೊಡುವ ಹಾಗಿರಲಿಲ್ಲ.