ಹಳೆ ಓಮಿನಿಯ ನಿಜಮೌಲ್ಯ ನಿರ್ಣಯ

ಹಳೆ ಕಾರಿಗೆ ಬೆಲೆಯೆಂಬುದು ಉಂಟೆ? ಉಂಟಾದರೆ ಅದು ಇರುವುದು ಕಾರಿನಲ್ಲೋ, ಮಾರುವವನ ಬಾಯಲ್ಲೋ, ಕೊಳ್ಳುವವನ ಕಿಸೆಯಲ್ಲೋ? ಸಿದ್ದಾಪುರ ತಾಲೂಕಿನ ಹೆಗ್ಗರಣೆ ಸೀಮೆಯಲ್ಲಿ ಈ ಪ್ರಶ್ನೆ ಸಂಜೆ ಹೊತ್ತಿಗೆ ಅಂಗಡಿ ಕಟ್ಟೆಯ ಮೇಲೆ ಹುಟ್ಟುತ್ತದೆ, ರಾತ್ರಿ ತಾಳಮದ್ದಲೆಗೆ ಹೋಗುವ ದಾರಿಯಲ್ಲಿ ಬೆಳೆಯುತ್ತದೆ, ಬೆಳಗಾಗುವುದರೊಳಗೆ ಎರಡು ಪಕ್ಷಗಳಾಗಿ ಒಡೆದಿರುತ್ತದೆ. ವಾಲಿವಧೆ ಧರ್ಮವೋ ಅಧರ್ಮವೋ ಎಂದು ಇಡೀ ರಾತ್ರಿ ವಾದಿಸಬಲ್ಲ ಜನಕ್ಕೆ ಒಂದು ಓಮಿನಿಯ ದರ ನಿಷ್ಕರ್ಷೆ ಯಾವ ಲೆಕ್ಕ ಎಂದು ಹೊರಗಿನವರಿಗೆ ಅನ್ನಿಸಬಹುದು. ಆದರೆ ವಾಲಿಗೆ ಮೀಟರ್ ಇರಲಿಲ್ಲ.

ಪರೀಕ್ಷಾವಸ್ತುವಾಗಿ ಮಾರುತಿ ಓಮಿನಿಯನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಕೊಡುವ ಅಗತ್ಯವೇ ಇಲ್ಲ. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಿಂದ ಅವತರಿಸಿ, 2019ರಲ್ಲಿ ತಯಾರಿಕೆ ನಿಂತ ಈ 796 ಸಿಸಿಯ ವಾಹನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತೋಟಿಗರ ಅಂಗಳದಲ್ಲಿ ಇನ್ನೂ ಅವತಾರ ಮುಗಿಸಿಲ್ಲ. ಬಾಳೆಗೊನೆ, ಹಿಂಡಿ ಚೀಲ, ಹಾಲಿನ ಕ್ಯಾನು, ಚಾಲಿ ಮೂಟೆ, ಪುರೋಹಿತರು, ಮದ್ದಲೆ, ಬಾಣಂತಿ, ಇವೆಲ್ಲ ಅದರಲ್ಲಿ ಪ್ರಯಾಣ ಮಾಡಿವೆ. ಕೆಲವು ಸಂದರ್ಭಗಳಲ್ಲಿ ಒಟ್ಟಿಗೇ.

ಪೂರ್ವಪಕ್ಷ

ಹಿಂದಿನ ಆಚಾರ್ಯರಲ್ಲಿ ಮೊದಲು ಎದುರಾಗುವವರು ವಿಮೆಯವರು. ಅವರ ಕೋಷ್ಟಕದ ಪ್ರಕಾರ ಆರು ತಿಂಗಳೊಳಗಿನ ವಾಹನದ ಬೆಲೆಯಲ್ಲಿ ಶೇ. 5 ಕಳೆಯಬೇಕು. ವರ್ಷದೊಳಗಾದರೆ 15, ಎರಡು ವರ್ಷದೊಳಗೆ 20, ಮೂರರೊಳಗೆ 30, ನಾಲ್ಕರೊಳಗೆ 40, ಐದರೊಳಗೆ 50. ಐದು ದಾಟಿದ ಮೇಲೆ? ಕೋಷ್ಟಕ ಅಲ್ಲಿಗೆ ಮುಗಿಯಿತು. ಮುಂದೆ ಕಂಪನಿಯೂ ಮಾಲಿಕನೂ ಪರಸ್ಪರ ಒಪ್ಪಿಕೊಂಡಷ್ಟು ಎಂದು ಬರೆದು ಆಚಾರ್ಯರು ಕೈತೊಳೆದುಕೊಂಡಿದ್ದಾರೆ. ಹೆಗ್ಗರಣೆಯಲ್ಲಿ ಐದು ವರ್ಷದ ವಾಹನಕ್ಕೆ ‘ಹೊಸ ಗಾಡಿ’ ಎನ್ನುತ್ತಾರೆ. ಅಂದರೆ ವಿಮಾಶಾಸ್ತ್ರ ಎಲ್ಲಿ ಮೌನ ತಾಳುತ್ತದೋ ನಮ್ಮ ಶಾಸ್ತ್ರ ಅಲ್ಲಿಂದಲೇ ಆರಂಭವಾಗಬೇಕು.

ಎರಡನೆಯವರು ಆದಾಯ ತೆರಿಗೆಯವರು. ಅವರ ಲೆಕ್ಕದಲ್ಲಿ ವ್ಯವಹಾರಕ್ಕೆ ಬಳಸುವ ಕಾರು ಪ್ರತಿವರ್ಷ, ಉಳಿದ ಬೆಲೆಯ ಮೇಲೆ, ಶೇ. 15ರಂತೆ ಸವೆಯುತ್ತದೆ. ಇಪ್ಪತ್ತು ವರ್ಷ ಸವೆದರೂ ನೂರು ರೂಪಾಯಿಯಲ್ಲಿ ಹತ್ತಿರ ಹತ್ತಿರ ನಾಲ್ಕು ರೂಪಾಯಿ ಉಳಿದಿರುತ್ತದೆ. ಪೂರ್ತಿ ಸೊನ್ನೆ ಎಂದಿಗೂ ಆಗುವುದಿಲ್ಲ. ಆತ್ಮದ ಅವಿನಾಶಿತ್ವವನ್ನು ಒಂದು ಸರ್ಕಾರಿ ಇಲಾಖೆ ಇಷ್ಟು ಸ್ಪಷ್ಟವಾಗಿ ಒಪ್ಪಿಕೊಂಡದ್ದು ಬೇರೆಲ್ಲೂ ಕಾಣಸಿಗದು. ತೊಂದರೆಯೆಂದರೆ, ಕೃಷಿ ಆದಾಯಕ್ಕೆ ಆ ತೆರಿಗೆ ಇಲ್ಲ. ಹೀಗಾಗಿ ಈ ಉದಾತ್ತ ತತ್ವ ಅಡಿಕೆ ತೋಟದ ದಣಪೆ ದಾಟಿ ಒಳಗೆ ಬರುವ ಪ್ರಸಂಗವೇ ಒದಗಿಲ್ಲ.

ಸಾರಿಗೆ ಇಲಾಖೆಯದು ಕರ್ಮಸಿದ್ಧಾಂತ. ನೋಂದಣಿಯ ಆಯುಷ್ಯ ಹದಿನೈದು ವರ್ಷ. ಆಮೇಲೆ ಯೋಗ್ಯತಾ ಪರೀಕ್ಷೆ ಗೆದ್ದವರಿಗೆ ಐದೈದು ವರ್ಷಗಳ ಪುನರ್ಜನ್ಮ. ಬೆಲೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲವಾದ್ದರಿಂದ ನಾವೂ ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಈ ಮೂವರ ಸಮಾನ ದೋಷವೆಂದರೆ ರೂಪಾಯಿಯನ್ನು ಸ್ಥಿರವಾದ ಅಳತೆಗೋಲೆಂದು ನಂಬಿದ್ದು. ಹೆಗ್ಗರಣೆಯಲ್ಲಿ ಸ್ಥಿರವಾದದ್ದು ಅಡಿಕೆಯ ಕ್ವಿಂಟಲ್. 2014ರಲ್ಲಿ ಕೆಂಪಡಿಕೆಯ ದರ ಹಿಂದೆಂದೂ ಕಾಣದ ಎತ್ತರಕ್ಕೆ ಹಾರಿದಾಗ ಇಲ್ಲಿಯ ಕಾರುಗಳಿಗೆ ಏನೂ ಆಗಲಿಲ್ಲ. ಅದೇ ಡಬ್ಬಿ, ಅದೇ ತುಕ್ಕು. ಆದರೂ ಕ್ವಿಂಟಲ್ ಲೆಕ್ಕದಲ್ಲಿ ಅವು ರಾತ್ರೋರಾತ್ರಿ ಅಗ್ಗವಾದವು, ಅದುವರೆಗೆ ಬೈಕಿನಲ್ಲಿ ಓಡಾಡುತ್ತಿದ್ದವರು ಅಂಗಳದಲ್ಲಿ ಕಾರು ತಿರುಗಿಸಲು ಜಾಗ ಅಳೆಯತೊಡಗಿದರು. ಆಷಾಢದಲ್ಲಾದರೆ ಬೆಲೆಯೇ ಇಲ್ಲ, ಏಕೆಂದರೆ ಆಷಾಢದಲ್ಲಿ ಕೊಳ್ಳುವವರೇ ಇಲ್ಲ. ಪಿತೃಪಕ್ಷದಲ್ಲಿ ಬೆಲೆ ಉಂಟು, ಬಾಯಿಬಿಟ್ಟು ಹೇಳುವ ಹಾಗಿಲ್ಲ.

ಪ್ರಮಾಣ ವಿಚಾರ

ಪ್ರಮಾಣಗಳು ಆರು. ಅವುಗಳಲ್ಲಿ ಪ್ರತ್ಯಕ್ಷಕ್ಕೆ ಮೊದಲ ಸ್ಥಾನ. ಓಮಿನಿಯ ಎಂಜಿನ್ನು ಮುಂದಿನ ಸೀಟಿನ ಅಡಿಯಲ್ಲಿ ಇರುವುದರಿಂದ, ಸತ್ಯವನ್ನು ಕಾಣಬೇಕಾದರೆ ಅದರ ಮೇಲೆ ಕುಳಿತವರು ಮೊದಲು ಏಳಬೇಕು. ಇದು ಬರೀ ಯಂತ್ರದ ಮಾತಲ್ಲವೆಂದು ವೇದಾಂತಿಗಳು ಹೇಳಿಯಾರು. ಅವರನ್ನು ಹಿಂದಿನ ಸೀಟಿಗೆ ಕಳಿಸಿ ಮುಂದುವರಿಯೋಣ. ಮ್ಯಾಟ್ ಎತ್ತಿದಾಗ ಕಾರಿನ ನೆಲ ಕಾಣಬೇಕು, ಹೆಗ್ಗರಣೆಯ ನೆಲ ಕಾಣಬಾರದು. ಹಿಂಬದಿಯಲ್ಲಿ ತಿಳಿನೀಲಿ ಕಲೆಯಿದ್ದರೆ ಆ ಗಾಡಿ ಮಳೆಗಾಲದಲ್ಲಿ ಕೊಳೆಮದ್ದಿನ ಸೇವೆಗೆ ಹೋಗಿದೆ ಎಂದೇ ತಿಳಿಯಬೇಕು. ಕೊಳೆರೋಗಕ್ಕೆ ಸುಣ್ಣದ ಜೊತೆ ಕಲಸುವ ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ. ಆ ದ್ರಾವಣವನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕದಡುವುದು ಇದಕ್ಕಾಗಿಯೇ. ಡ್ರಮ್ಮನ್ನು ಕಾಪಾಡಿದ ವಿವೇಕ ಡ್ರಮ್ಮು ಹೊತ್ತ ಗಾಡಿಗೆ ಯಾಕೆ ಒದಗಲಿಲ್ಲವೆಂಬುದು ಬೇರೆ ಪ್ರಬಂಧದ ವಿಷಯ.

ಅನುಮಾನಕ್ಕೆ ಬರೋಣ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ಹೇಳಿ ನಮ್ಮ ಪ್ರಾಚೀನ ತಾರ್ಕಿಕರು ಸುಮ್ಮನಾದರು. ಹೊಗೆ ಯಾವ ಬಣ್ಣದ್ದು ಎಂದು ಒಬ್ಬರೂ ಕೇಳಲಿಲ್ಲ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಕಪ್ಪು ಬಂದರೆ ಪೆಟ್ರೋಲ್ ಹೆಚ್ಚಾಗಿದೆ, ಎಂಜಿನ್ನು ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ರೇಡಿಯೇಟರಿನ ನೀರು ಹೋಗಬಾರದ ಕಡೆ ಹೋಗಿದೆ. ದೇವಿಮನೆ ಘಟ್ಟ ಹತ್ತಿಸಿ ನೋಡಿದರೆ ಮೂರು ಬಣ್ಣವನ್ನೂ ಒಂದೇ ತಿರುವಿನಲ್ಲಿ ತೋರಿಸುವ ಗಾಡಿಗಳುಂಟು.

ಈ ಸೀಮೆಯ ಅನುಮಾನಕ್ಕೆ ಇನ್ನೊಂದು ವಿಶಿಷ್ಟ ಲಿಂಗವಿದೆ, ಚಾಲಕನ ಬಾಗಿಲಿನ ಹೊರಮೈಯ ಮೇಲಿನ ಎಲೆಯಡಿಕೆ ಕವಳದ ಗೆರೆ. ಗೆರೆ ನೇರ ಕೆಳಗೆ ಇಳಿದಿದ್ದರೆ ಗಾಡಿಯನ್ನು ನಿಧಾನಕ್ಕೆ, ನಿಲ್ಲಿಸಿ ನಿಲ್ಲಿಸಿ, ಮಾತಾಡುತ್ತ ಓಡಿಸಿದ್ದಾರೆ. ಇಂಥ ಗಾಡಿ ಉತ್ತಮ. ಗೆರೆ ಓರೆಯಾಗಿ ಹಿಂದಕ್ಕೆ ಹಾರಿದ್ದರೆ ಮಧ್ಯಮ. ಹಿಂದಿನ ಬಾಗಿಲು ದಾಟಿ ಬಂಪರಿನವರೆಗೆ ಹನಿಹನಿಯಾಗಿ ಸಿಡಿದಿದ್ದರೆ ಮಾಲಿಕರಿಗೆ ಪ್ರಾಯದ ಮಗನಿದ್ದಾನೆ. ಈ ಕೋನವನ್ನು ಅಳೆಯಲು ಶಾಲೆಯ ಕಂಪಾಸ್ ಪೆಟ್ಟಿಗೆಯ ಕೋನಮಾಪಕ ಸಾಕು. ಬಾಗಿಲಿಗೆ ಹೊಸದಾಗಿ ಬಣ್ಣ ಬಳಿಸಿದ್ದರೆ ಅಳೆಯುವ ಅಗತ್ಯವೂ ಇಲ್ಲ, ದರ ಇಳಿಸಿ ಮಾತು ಶುರುಮಾಡಬಹುದು.

ಅರ್ಥಾಪತ್ತಿಗೆ ಶಾಸ್ತ್ರದಲ್ಲಿ ದೇವದತ್ತನ ದೃಷ್ಟಾಂತವುಂಟು. ದಪ್ಪಗಿದ್ದಾನೆ, ಹಗಲು ಉಣ್ಣುವುದಿಲ್ಲ, ಆದ್ದರಿಂದ ರಾತ್ರಿ ಉಣ್ಣುತ್ತಿರಲೇಬೇಕು. ನಮ್ಮ ಓಮಿನಿ ಹದಿನೇಳು ವರ್ಷದ್ದು; ಮೀಟರು 48 ಸಾವಿರ ಕಿಲೋಮೀಟರ್ ತೋರಿಸುತ್ತದೆ; ಕ್ಲಚ್ ಪೆಡಲಿನ ರಬ್ಬರು ಸವೆದು ಕಬ್ಬಿಣ ಫಳಫಳಿಸುತ್ತಿದೆ. ಹಗಲು ಓಡದ ಗಾಡಿ ರಾತ್ರಿ ಯಕ್ಷಗಾನದ ಆಟದ ಬಯಲಿಗೆ ಓಡಿರಬೇಕು ಎಂಬುದು ಒಂದು ಪರಿಹಾರ. ಮೀಟರಿನ ಕೇಬಲ್ ತುಂಡಾದ ದಿನವೇ ಮೀಟರಿಗೆ ಮೋಕ್ಷ ಸಿಕ್ಕಿತು, ಚಕ್ರಗಳಿಗೆ ಸಿಗಲಿಲ್ಲ ಎಂಬುದು ಇನ್ನೊಂದು. ಪ್ರಬಂಧಕಾರನ ಒಲವು ಎರಡನೆಯದರ ಕಡೆಗೆ.

ಶಬ್ದಪ್ರಮಾಣದಲ್ಲಿ ಎರಡು ಬಗೆ, ಎಂಜಿನ್ನಿನದು ಮತ್ತು ಮಾಲಿಕನದು. ಎರಡನ್ನೂ ಬೇರೆ ಬೇರೆಯಾಗಿ, ಒಂದನ್ನು ನಿಲ್ಲಿಸಿ ಇನ್ನೊಂದನ್ನು ಕೇಳಬೇಕು. ಇಲ್ಲೊಂದು ಸ್ಥಳೀಯ ಅಪಾಯವನ್ನು ದಾಖಲಿಸಲೇಬೇಕು. ಹೆಗ್ಗರಣೆಯಿಂದ ಐದು ಕಿಲೋಮೀಟರ್ ಆಚೆ ಅಘನಾಶಿನಿ 116 ಮೀಟರ್ ಕೆಳಗೆ ಧುಮುಕುತ್ತಾಳೆ. ಸರ್ಕಾರದ ಫಲಕದಲ್ಲಿ ಅದು ಉಂಚಳ್ಳಿ ಜಲಪಾತ, ಬ್ರಿಟಿಷ್ ಕಲೆಕ್ಟರನ ನೆನಪಿಗೆ ಲಷಿಂಗ್ಟನ್ ಜಲಪಾತ, ಊರವರ ಬಾಯಲ್ಲಿ ಕೆಪ್ಪ ಜೋಗ. ಹತ್ತಿರ ನಿಂತರೆ ಕಿವಿ ಕೆಪ್ಪಾಗುವಷ್ಟು ಸದ್ದು. ‘ಗಾಡಿ ನೋಡದೊಂದೇ ಎಂತಕ್ಕೆ, ಜೋಗಕ್ಕೂ ಹೋಗಿ ಬಪ್ಪ’ ಎಂದು ಮಾರುವವನು ಮಳೆಗಾಲದಲ್ಲಿ ಅಕ್ಕರೆಯಿಂದ ಕರೆದರೆ ಕೊಳ್ಳುವವನು ಎಚ್ಚರಾಗಬೇಕು. ಅಲ್ಲಿ ಯಾವ ಗಾಡಿಯ ಎಂಜಿನ್ನೂ ಸದ್ದು ಮಾಡುವುದಿಲ್ಲ.

ಅನುಪಲಬ್ಧಿ ಅಂದರೆ ಇಲ್ಲದಿರುವಿಕೆಯಿಂದ ಬರುವ ಜ್ಞಾನ: ಜಾಕು, ಸ್ಟೆಪ್ನಿ, ಸರ್ವೀಸ್ ಪುಸ್ತಕ. ಉಪಮಾನವನ್ನು ಕೈಬಿಟ್ಟಿದ್ದೇನೆ. ಇಲ್ಲಿಯ ಪ್ರತಿಯೊಬ್ಬ ಮಾಲಿಕನೂ ತನ್ನ ಗಾಡಿಯನ್ನು ಬೆಂಗಳೂರಿನಲ್ಲಿರುವ ಮಗನ ಸ್ನೇಹಿತ ಭಾರಿ ದರಕ್ಕೆ ಮಾರಿದ ಗಾಡಿಗೆ ಹೋಲಿಸುತ್ತಾನೆ, ಅದನ್ನು ಕಂಡವರಿಲ್ಲ.

ಸಂವಾದ

ಪ್ರಮಾಣಗಳೆಲ್ಲ ಮುಗಿದ ಮೇಲೂ ದರ ಎಂಬುದು ಮಾತಿನಲ್ಲಿಯೇ ಹುಟ್ಟಬೇಕು. ಮೂರನೆಯ ಕವಳದ ಮೊದಲು ಅದನ್ನು ಎತ್ತುವುದು ಅಶಾಸ್ತ್ರೀಯ. ಮೊದಲು ಆಸರಿ, ಆಮೇಲೆ ಮಳೆ, ಆಮೇಲೆ ಮಂಗನ ಕಾಟ, ಆಮೇಲೆ ಚಾಲಿ ದರ. ಅನಂತರ ಕೊಳ್ಳುವವನು ಎಲೆಯ ತೊಟ್ಟು ಮುರಿಯುತ್ತ, ಗಾಡಿಯ ಕಡೆ ನೋಡದೆ:

‘ಭಾವ, ಓಮಿನಿ ಕೊಡ್ತೆ ಹೇಳಿ ಸುದ್ದಿ ಇದ್ದು?’

‘ಕೊಡವು ಹೇಳಿ ಎಂತ ಇಲ್ಲೆ. ಯಾರಾದ್ರೂ ಕೇಳಿರೆ ನೋಡದು.’

‘ಎಷ್ಟು ಹೇಳ್ತೆ?’

‘ನಿಂಗೆ ಆನು ಎಂತ ಹೇಳದು! ನೀನೇ ಹೇಳು.’

‘ಛೇ, ನಿನ್ನ ಗಾಡಿ. ನೀನೇ ಹೇಳವು.’

ಈ ಹಂತದಲ್ಲಿ ಸಂವಾದ ಒಂದು ವಾರ ನಿಲ್ಲುತ್ತದೆ. ಭಾವನ ಬಳಿ ಹೆಚ್ಚು ಕೇಳುವಂತಿಲ್ಲ, ಭಾವನಿಗೆ ಕಡಿಮೆ ಕೊಡುವಂತಿಲ್ಲ. ಬೆಲೆಗೆ ಮೇಲೆ ಹೋಗಲೂ ದಾರಿಯಿಲ್ಲ, ಕೆಳಗೆ ಬರಲೂ ದಾರಿಯಿಲ್ಲ.

ಅಕರ್ಲಾಫ್ ಮತ ಖಂಡನೆ

ಪಾಶ್ಚಾತ್ಯರಲ್ಲಿ ಈ ವಿಷಯಕ್ಕೆ ಕೈಹಾಕಿದವರಲ್ಲಿ ಜಾರ್ಜ್ ಅಕರ್ಲಾಫ್ ಮುಖ್ಯರು. ಇವರು 1970ರಲ್ಲಿ ಹಳೆ ಕಾರಿನ ಪೇಟೆಯನ್ನೇ ಉದಾಹರಣೆಯಾಗಿಟ್ಟು ಒಂದು ಪ್ರಬಂಧ ಬರೆದರು. ಅದರ ಸಾರ ಇಷ್ಟು: ಗಾಡಿಯ ಗುಟ್ಟು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹೀಗಾಗಿ ಕೊಳ್ಳುವವನು ಹೆದರಿ ಎಲ್ಲ ಗಾಡಿಗೂ ಕಡಿಮೆ ದರವನ್ನೇ ಕೇಳುತ್ತಾನೆ. ಆ ದರಕ್ಕೆ ಒಳ್ಳೆಯ ಗಾಡಿಯವರು ಮಾರುವುದಿಲ್ಲ, ಕೆಟ್ಟವು ಮಾತ್ರ ಪೇಟೆಯಲ್ಲಿ ಉಳಿಯುತ್ತವೆ, ಕೊನೆಗೆ ಪೇಟೆಯೇ ಮುಚ್ಚುವ ಹಂತಕ್ಕೆ ಬರುತ್ತದೆ. 2001ರಲ್ಲಿ ಅವರಿಗೆ ಇನ್ನಿಬ್ಬರ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರು ಹೆಗ್ಗರಣೆಗೆ ಬಂದಿದ್ದರೆ ಅದು ಬರುತ್ತಿರಲಿಲ್ಲ.

ಏಕೆಂದರೆ ಇಲ್ಲಿ ಮಾರುವವನಿಗಿಂತ ಕೊಳ್ಳುವವನಿಗೇ ಹೆಚ್ಚು ಗೊತ್ತು. ಆ ಓಮಿನಿ ಯಾವ ವರ್ಷ ಯಾವ ತಿರುವಿನಲ್ಲಿ ಗಟಾರಕ್ಕೆ ಇಳಿಯಿತು, ಎತ್ತಲು ಯಾರು ಯಾರು ಬಂದರು, ಯಾರ ಮನೆಯ ಹಗ್ಗ ತುಂಡಾಯಿತು, ಮಗ ಡ್ರೈವಿಂಗ್ ಕಲಿತದ್ದು ಯಾವ ಗೇರಿನಲ್ಲಿ, ಬ್ರೇಕು ಹಿಡಿಯದೆ ಯಾರ ಕೊಟ್ಟಿಗೆಯ ಗೋಡೆ ಮುರಿಯಿತು, ಇದೆಲ್ಲ ಊರಿಗೆ ಬಾಯಿಪಾಠ. ಮಾಲಿಕನಿಗೆ ಮಾತ್ರ ಮರೆತಿರುತ್ತದೆ. ಕಡತದ ವಿಷಯವಾದರೆ, ಕೆಎ-31ರ ನಂಬರನ್ನು ಮೊಬೈಲಿನಲ್ಲಿ ಒತ್ತಿದರೆ ಎಷ್ಟನೆಯ ಮಾಲಿಕ, ವಿಮೆ ಎಲ್ಲಿಯವರೆಗೆ ಎಂದು ಸಾರಿಗೆ ಇಲಾಖೆಯೂ ಬಾಯಿಬಿಡುತ್ತದೆ.

ಎಲ್ಲರಿಗೂ ಎಲ್ಲವೂ ಗೊತ್ತಿದ್ದರೆ ವ್ಯಾಪಾರ ಸಲೀಸಾಗಬೇಕಿತ್ತು ಎಂದು ಅಕರ್ಲಾಫರ ಶಿಷ್ಯರು ಹೇಳುವರು. ಆಗುವುದಿಲ್ಲ. ಕೆಟ್ಟ ಗಾಡಿಯೆಂದು ಎಲ್ಲರಿಗೂ ಗೊತ್ತು, ಆದ್ದರಿಂದ ಯಾರೂ ಕೊಳ್ಳುವುದಿಲ್ಲ. ಒಳ್ಳೆಯ ಗಾಡಿಯೆಂದು ಎಲ್ಲರಿಗೂ ಗೊತ್ತು, ಆದ್ದರಿಂದ ಅದನ್ನು ಮಾರಲು ಹೊರಟವನಿಗೆ ಸಾಲವಾಗಿರಬೇಕು ಎಂದೂ ಎಲ್ಲರಿಗೂ ಗೊತ್ತಾಗುತ್ತದೆ, ಆದ್ದರಿಂದ ಅವನು ಮಾರುವುದಿಲ್ಲ. ಅಜ್ಞಾನದಿಂದ ಪೇಟೆ ಮುಚ್ಚೀತೆಂದು ಅಕರ್ಲಾಫ್ ಸಾಧಿಸಿದರು. ಪೂರ್ಣಜ್ಞಾನದಿಂದಲೂ ಮುಚ್ಚೀತೆಂದು ಹೆಗ್ಗರಣೆ ಸಾಧಿಸಿದೆ.

ಒಂದು ಸಲಹೆ

ಇದಕ್ಕೆ ಪರಿಹಾರ ಅಡಿಕೆಯ ಟೆಂಡರಿನಲ್ಲಿ ಇದೆ. ಶಿರಸಿಯ ಟಿಎಸ್‌ಎಸ್‌ ಅಥವಾ ಸಿದ್ದಾಪುರದ ಟಿಎಂಎಸ್‌ ಸಹಕಾರಿ ಸಂಘದ ಅಂಗಳದಲ್ಲಿ ಮಾಲು ಸುರಿದರೆ ವ್ಯಾಪಾರಿಗಳು ನೋಡಿ, ಒಡೆದು, ದರವನ್ನು ಗುಟ್ಟಾಗಿ ಬರೆದುಕೊಡುತ್ತಾರೆ. ಭಾವನ ಮುಖ ಭಾವ ನೋಡಬೇಕಾಗಿಲ್ಲ. ಕಾರುಗಳಿಗೂ ಅಲ್ಲಿಯ ವರ್ಗೀಕರಣವೇ ಸಾಕು. ಬಿಸಿಲಿಗೆ ಬಣ್ಣ ಹೋಗಿ, ಇದ್ದದ್ದು ಇದ್ದ ಹಾಗೆ ಕಾಣುವುದು ಚಾಲಿ. ಎಂಜಿನ್ನು ಬಿಚ್ಚಿ ಬೇಯಿಸಿ, ಮೇಲೆ ತೊಗರು ಬಳಿದಂತೆ ಹೊಸ ಬಣ್ಣ ಹೊಡೆಸಿದ್ದು ರಾಶಿ. ಗುದ್ದಿಸಿಕೊಂಡು ತಟ್ಟಿ ನೆಟ್ಟಗೆ ಮಾಡಿದ್ದು ತಟ್ಟಿಬೆಟ್ಟೆ. ಮೇಲ್ನೋಟಕ್ಕೆ ಗಟ್ಟಿ, ಒಳಗೆ ಟೊಳ್ಳು, ಅದು ಕೋಕಾ. ಯಲ್ಲಾಪುರದ ಪೇಟೆಯಲ್ಲಿ ಹಳೆ ಚಾಲಿ, ಹೊಸ ಚಾಲಿ ಎಂದು ಬೇರೆ ಬೇರೆ ದರವುಂಟು, ಸಾಮಾನ್ಯವಾಗಿ ಹಳೆಯದಕ್ಕೇ ಹೆಚ್ಚು. ಒಣಗಬೇಕಾದದ್ದೆಲ್ಲ ಒಣಗಿರುತ್ತದೆ, ಇನ್ನು ತೂಕ ಇಳಿಯುವುದಿಲ್ಲ. ಹಳೆ ಓಮಿನಿಗೂ ಇದೇ ನ್ಯಾಯ ಸಲ್ಲಬೇಕು. ಉದುರಬೇಕಾದದ್ದೆಲ್ಲ ಉದುರಿರುತ್ತದೆ. ಈ ವಾದವನ್ನು ಮಾರುವವರೆಲ್ಲ ಒಪ್ಪಿದ್ದಾರೆ.

ಸಲಹೆ ಜಾರಿಗೆ ಬರುವವರೆಗೆ ಇರುವುದೊಂದೇ ದಾರಿ, ಗಾಡಿಯನ್ನು ಗೊತ್ತಿಲ್ಲದವರ ಊರಿಗೆ ಕಳಿಸುವುದು. ನಮ್ಮ ಪರೀಕ್ಷಾವಸ್ತುವೂ ಹಾಗೆಯೇ ಹುಬ್ಬಳ್ಳಿಗೆ ಹೋಯಿತು, 95 ಸಾವಿರಕ್ಕೆ. ಮೂರು ತಿಂಗಳ ಮೇಲೆ ಹೆಗ್ಗರಣೆಯ ಒಂದು ಮದುವೆಗೆ ಯಲ್ಲಾಪುರ ಕಡೆಯ ನೆಂಟರು ಹೊಸ ಬಿಳಿ ಬಣ್ಣದ ಓಮಿನಿಯಲ್ಲಿ ಬಂದಿಳಿದರು. ಹುಬ್ಬಳ್ಳಿಯಲ್ಲಿ ಅದಕ್ಕೆ 1 ಲಕ್ಷ 25 ಸಾವಿರ ಕೊಟ್ಟರಂತೆ. ನಡುವಿನ 30 ಸಾವಿರ ಅಜ್ಞಾನದ ಪೇಟೆ ದರ. ಅದನ್ನು ರೂಪಾಯಿಯಲ್ಲಿ ಅಳೆದದ್ದು ಬಹುಶಃ ಇದೇ ಮೊದಲು. ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಗುರುತು ಸಿಕ್ಕಿತ್ತು, ಯಾರೂ ಮಾತಾಡಲಿಲ್ಲ. ನೆಂಟರು ಎಷ್ಟೆಂದರೂ ನೆಂಟರು. ಹೊರಡುವಾಗ ಅವರು ಹಳೆ ಮಾಲಿಕರನ್ನೂ ದಾರಿಯಲ್ಲಿ ಬಿಡುತ್ತೇವೆಂದು ಹತ್ತಿಸಿಕೊಂಡರು. ಬದಿಯ ಬಾಗಿಲು ಎಷ್ಟು ಜಗ್ಗಿದರೂ ಸರಿಯದೆ ಹೊಸಬರು ಬೆವರುತ್ತಿದ್ದರು. ಇವರು ಕೈಹಾಕಿ, ಅರ್ಧ ಇಂಚು ಮೇಲೆತ್ತಿ, ಒಂದೇ ಸಲಕ್ಕೆ ಎಳೆದರು.

‘ಹಿಂಗೆ ಎತ್ತಿ ಎಳೆಯವು ಹೇಳಿ ನಿಂಗಕ್ಕೆ ಹೆಂಗೆ ಗೊತ್ತಾತು ಹೆಗಡೇರೇ?’

‘ಓಮಿನಿ ಎಲ್ಲಾ ಹಿಂಗೇ ಅಲ್ದ’ ಎಂದು ಹೆಗಡೆಯವರು ಒಳಗೆ ಕುಳಿತರು.